ಕಪಾಟಿನಲ್ಲಿ ಕಟ್ಟಿದ ದನಗಳು

ಮನುಷ್ಯನಿಗೆ ಏನಾದರೊಂದು ಹುಚ್ಚು ಇರಬೇಕು ಎಂದು ಹೇಳುವವರಿದ್ದಾರೆ. ಅವರ ಮನೆಯಲ್ಲಿ ಅಂಥ ಹುಚ್ಚಿನವರು ಯಾರೂ ಇರಲಿಕ್ಕಿಲ್ಲ. ಹುಚ್ಚಿನಲ್ಲೂ ಮರ್ಯಾದೆಯ ಹುಚ್ಚು, ಮರ್ಯಾದೆಗೆಟ್ಟ ಹುಚ್ಚು ಎಂದು ಎರಡು ಬಗೆ. ಕುಸ್ತಿಯ ಹುಚ್ಚಿದ್ದವನನ್ನು ಜನ ಪೈಲವಾನ ಎನ್ನುತ್ತಾರೆ. ಭಜನೆಯ ಹುಚ್ಚಿದ್ದವನನ್ನು ಶರಣ ಎನ್ನುತ್ತಾರೆ. ಪಾರಿವಾಳ ಸಾಕುವವನನ್ನು ಕೂಡ ಹೇಗೋ ಸಹಿಸಿಕೊಳ್ಳುತ್ತಾರೆ. ಆದರೆ ಪ್ರಾಣಿಗಳ ಆಕಾರದ ಚಹಾದ ಕಿಟ್ಲಿಗಳನ್ನು ಕೂಡಿಹಾಕುವವನಿಗೆ ಏನನ್ನಬೇಕೆಂಬುದು ಜತ್ತ ತಾಲೂಕಿನಲ್ಲಿ ಯಾರಿಗೂ ತಿಳಿಯಲಿಲ್ಲ. ಆದ್ದರಿಂದ ಎಲ್ಲರೂ ನನ್ನನ್ನು ಮೊದಲಿನಂತೆ ಕಾರಕೂನ ಎಂದೇ ಕರೆಯುತ್ತಿದ್ದರು. ಕರೆಯುವಾಗ ಸ್ವಲ್ಪ ನಗುತ್ತಿದ್ದರು, ಅಷ್ಟೇ.

ಈ ಹುಚ್ಚು ಹತ್ತಿದ್ದು ನನ್ನ ಮಾವನವರಿಂದ. ಅವರು ಉಟಗಿ ಎಂಬ ಹಳ್ಳಿಯ ರೈತರು. ಮನೆಯ ಮುಂದೆ ಎತ್ತು, ಆಕಳು, ಎಮ್ಮೆ; ಹಿತ್ತಲಲ್ಲಿ ಕುರಿಹಟ್ಟಿ. ಒಬ್ಬನ ಯೋಗ್ಯತೆಯನ್ನು ಅವರು ಅವನ ಮನೆಯ ಮುಂದಿನ ಗೂಟ ನೋಡಿ ಅಳೆಯುವವರು. ನನ್ನ ಮನೆಯಲ್ಲಿದ್ದ ಗೂಟವೆಂದರೆ ಕೋಟು ತೂಗುಹಾಕುವ ಗೂಟ ಒಂದೇ. ಮಗಳನ್ನು ಯಾವ ಗಳಿಗೆಯಲ್ಲಿ ನನಗೆ ಕೊಟ್ಟರೋ, ಬಂದಾಗಲೆಲ್ಲ ತಲೆಗೆ ಸುತ್ತಿದ ಪಟಗ ತೆಗೆದಿಟ್ಟು ಮೊದಲು ಕೇಳುವ ಮಾತು ಒಂದೇ: “ಅಳಿಯಂದ್ರ, ಮನ್ಯಾಗ ದನಾ ಏನರೆ ಮಾಡೀರೇನು?” ನಾನು “ಇಲ್ರಿ ಮಾವಾರ” ಎನ್ನುತ್ತಿದ್ದೆ. “ಇರ್ಲಿ, ಇರ್ಲಿ. ಕಚೇರಿ ಕೆಲಸ ಅದು,” ಎಂದು ಅವರು ಹಾಸಿಗೆ ಹಿಡಿದವನಿಗೆ ಧೈರ್ಯ ಹೇಳುವ ಹಾಗೆ ಹೇಳುತ್ತಿದ್ದರು. ಆ “ಇರ್ಲಿ” ನನ್ನ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತಿತ್ತು.

ಆಗಷ್ಟೇ ಸಂಸ್ಥಾನಗಳೆಲ್ಲ ವಿಲೀನವಾಗಿ, ಸಾಹೇಬರುಗಳು ಬಂಗಲೆ ಖಾಲಿ ಮಾಡಿ ಹೋಗುತ್ತಿದ್ದ ಕಾಲ. ಅವರು ಬಿಟ್ಟುಹೋದ ಸಾಮಾನೆಲ್ಲ ಮಿರಜ, ಸೊಲ್ಲಾಪುರದ ಹಳೇ ಬಜಾರಿಗೆ ಬೀಳುತ್ತಿತ್ತು. ಅಲ್ಲಿಂದ ಪಿಂಗಾಣಿ ಆರಿಸಿ ತಂದು ನಮ್ಮ ಸಂತೆಯಲ್ಲಿ ಮಾರುತ್ತಿದ್ದವನು ನನ್ನ ಗೆಳೆಯ ಮೌಲಾಸಾಬ. ಒಂದು ದಿನ ಪೆಟ್ಟಿಗೆಯ ಹುಲ್ಲಿನೊಳಗಿಂದ ಒಂದು ಪಿಂಗಾಣಿ ಆನೆಯನ್ನು ಹೊರತೆಗೆದು, “ನೋಡ್ರಿ ಕಾರಕೂನ ಸಾಹೇಬ್ರ, ಹಾಥಿ! ಹಾಕೋದು ಬೆನ್ನಾಗ, ಬರೋದು ಸೊಂಡ್ಯಾಗ!” ಎಂದ. ಉಟಗಿಯಲ್ಲಿ ಯಾರ ಮನೆಯಲ್ಲೂ ಆನೆ ಇಲ್ಲ ಎಂಬುದು ನನಗೆ ತಟ್ಟನೆ ಹೊಳೆಯಿತು. ಮಾವನವರಿಗೆ ಅದರಿಂದ ಚಹಾ ಕುಡಿಸಬೇಕೆಂಬ ಆಸೆ ಹುಟ್ಟಿದ್ದು ಆ ಕ್ಷಣದಲ್ಲಿಯೇ.

ಅವ್ವ ಮಾತ್ರ ಹೊಸ್ತಿಲಲ್ಲೇ ತಡೆದಳು. “ಪಿಂಗಾಣಿ ಒಳಗ ಎಲುವಿನ ಪುಡಿ ಹಾಕ್ತಾರಂತ. ಲಿಂಗ ಕಟ್ಟಿದವರ ಮನಿಯೊಳಗ ಇದೇನೋ ತಮ್ಮಾ?” ನಾನು ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದೆ. “ಎವ್ವಾ, ಇದು ಬರೇ ಮಣ್ಣ. ನಮ್ಮ ಕುಂಬಾರನ ಗಡಿಗಿ ಹೆಂಗೋ, ಇದೂ ಹಂಗ.” “ಮಣ್ಣ ಅಂತೀ?” “ಮಣ್ಣ!” ಅವ್ವ ನನ್ನ ಮುಖ ನೋಡಿ, ದಾರಿ ಬಿಟ್ಟಳು. ಅವ್ವನಿಗೆ ಓದು ಬರಹ ಬರುವುದಿಲ್ಲ. ಆದರೆ ಒಮ್ಮೆ ಕೇಳಿದ ಮಾತನ್ನು ಅವಳು ಮರೆಯುವುದಿಲ್ಲ. ಅದನ್ನು ನಾನು ಆಗ ನೆನೆಯಬೇಕಾಗಿತ್ತು.

ಮಾವನವರು ಬಂದರು. ನಾನೇ ಆನೆಯನ್ನು ಎತ್ತಿ ಬಶಿಗೆ ಚಹಾ ಬಗ್ಗಿಸಿದೆ. ಸೊಂಡಿಲಿನಿಂದ ಚಹಾ ಎಷ್ಟು ಚಂದವಾಗಿ ಇಳಿಯಿತೆಂದರೆ ನನಗೇ ಕೈ ಮುಗಿಯಬೇಕೆನಿಸಿತು. ಅವರು ಬಹಳ ಹೊತ್ತು ನೋಡಿ, “ಅಳಿಯಂದ್ರ, ಸೊಂಡಿ ಅಂದ್ರ ಆನಿ ಮೂಗಲ್ಲೇನ್ರಿ?” ಎಂದರು. ಹೌದೆಂದೆ. “ಹೌದಲ್ಲ,” ಎಂದು ಬಶಿಯನ್ನು ಕೆಳಗಿಟ್ಟರು. ಮುಂದಿನ ಸಲ ಮೂಗಿನ ಗೊಡವೆಯೇ ಬೇಡವೆಂದು ಬೆಕ್ಕು ತಂದೆ. ಅದು ಮೇಲೆತ್ತಿದ ಮುಂಗಾಲಿನಿಂದ ಚಹಾ ಸುರಿಸುತ್ತಿತ್ತು. “ಬೆಕ್ಕ ಆ ಕಾಲಿಲೆ ಏನ ಮುಚ್ಚತೈತಿ ಅನ್ನೂದು ನಿನಗ ಗೊತ್ತಿಲ್ಲೇನೋ?” ಎಂದಳು ಅವ್ವ. ಒಂಟೆ ಬಂತು. “ಒಂಟಿ ಉಗಳತೈತ್ರಿ,” ಎಂದರು ಮಾವನವರು. ಕೋಳಿಯನ್ನಂತೂ ಅವ್ವ ಒಳಗೇ ಬಿಡಲಿಲ್ಲ. “ಓಣ್ಯಾಗಿನ ಮಂದಿ ಇದನ್ನ ನೋಡಿದ್ರ ಒಲಿ ಮ್ಯಾಲೆ ಏನೈತಿ ಅಂತ ಕೇಳೂದಿಲ್ಲೇನು?” ಅದು ಇವತ್ತಿಗೂ ಕಚೇರಿಯ ನನ್ನ ಮೇಜಿನ ಮೇಲೆ ಹೊಟ್ಟೆಯಲ್ಲಿ ಪೆನ್ಸಿಲ್ಲು ಹೊತ್ತುಕೊಂಡು ಕುಳಿತಿದೆ.

ಯೋಚಿಸಿದಷ್ಟೂ ತಲೆ ಕೆಡುತ್ತಿತ್ತು. ಕಿಟ್ಲಿ ಎಂದಮೇಲೆ ಚಹಾ ಎಲ್ಲಿಂದಲಾದರೂ ಹೊರಬರಲೇಬೇಕು. ಪ್ರಾಣಿ ಎಂದಮೇಲೆ ಅದಕ್ಕೆ ದೇವರು ಕೊಟ್ಟ ದಾರಿಗಳು ಇಷ್ಟೇ. ಕಿಟ್ಲಿ ಮಾಡಿದ ಊರಿನವರಿಗೆ ಅವೆಲ್ಲ ಒಂದೇ. ನಮ್ಮ ಕಡೆ ಒಂದೊಂದಕ್ಕೂ ಒಂದೊಂದು ಮೈಲಿಗೆ. ಇತ್ತ ನನ್ನ ಹೆಂಡತಿ ಗೌರವ್ವ ಒಂಟೆಯಲ್ಲಿ ದೀಪದ ಎಣ್ಣೆ, ಬೆಕ್ಕಿನಲ್ಲಿ ಹುಣಸೆಹಣ್ಣು ತುಂಬಿಡತೊಡಗಿದಳು. “ಅಲ್ರೀ, ನಮ್ಮಪ್ಪ ನಿಮ್ಮ ಮನಿ ಚಹಾ ಕುಡಿತಾನ. ಅದು ಕಿಟ್ಲ್ಯಾಗಿಂದನ ಬರಬೇಕಂತ ಯಾಕ ಹಟಾ?” ಎನ್ನುತ್ತಿದ್ದಳು. ಮನೆಯ ಮುಂದೆ ಎತ್ತು ಕಟ್ಟಿದ ಅಪ್ಪನ ಮಗಳಿಗೆ ನನ್ನ ಸಂಕಟ ಹೇಗೆ ತಿಳಿಯಬೇಕು? ನಾನು ಕೋಟು ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದೆ.

ಕೊನೆಗೆ ಒಂದು ಸಂತೆಯ ದಿನ ಮೌಲಾಸಾಬ ನನ್ನನ್ನು ಮರೆಗೆ ಕರೆದು ಹುಲ್ಲು ಸರಿಸಿದ. ಎತ್ತು! ಹಾಲಿನಂಥ ಬಿಳಿ ಬಣ್ಣ. ಭುಜದ ಮೇಲೆ ಉಬ್ಬಿದ ಇಣಿಯೇ ಮುಚ್ಚಳ, ಬೆನ್ನ ಮೇಲೆ ಬಾಗಿದ ಬಾಲವೇ ಹಿಡಿಕೆ, ಮುಂದೆ ಚಾಚಿದ ಬಾಯಿಂದ ಚಹಾ. ನಿಜ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು. ಎತ್ತಿನ ಬಾಯಿಗೆ ಹೆಸರಿಡುವ ರೈತ ಹುಟ್ಟಿದ್ದಾನೆಯೇ? ಅದನ್ನು ಕಪಾಟಿನ ಮೇಲಿನ ಅಂಕಣದಲ್ಲಿಟ್ಟೆ. ಮಾವನವರು ಕುಡಿಯುವ ತನಕ ಅದಕ್ಕೆ ಹನಿ ನೀರನ್ನೂ ತೋರಿಸಬಾರದೆಂದು ಗೌರವ್ವನಿಗೆ ತಾಕೀತು ಮಾಡಿದೆ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಾವನವರು ಹೊಲದ ಕಾಗದಪತ್ರದ ಕೆಲಸಕ್ಕೆಂದು ಜತ್ತಿನ ನಮ್ಮ ಕಚೇರಿಗೆ ಬಂದರು. ಸಂಜೆ ಅವರನ್ನು ಕರೆದುಕೊಂಡು ಮನೆಯ ಕಡೆ ಹೊರಟಾಗ ನನಗೆ ಬಾಯಿ ಕಟ್ಟಿಕೊಳ್ಳಲಾಗಲಿಲ್ಲ. “ಮಾವಾರ, ಮನ್ಯಾಗ ಎತ್ತ ಬಂದೈತ್ರಿ,” ಎಂದೆ. ಅವರು ನಡುದಾರಿಯಲ್ಲಿ ನಿಂತುಬಿಟ್ಟರು. “ಖರೇನ? ಖಿಲಾರಿ ಜಾತಿದೇನು?” “ಬೆಳ್ಳಗ ಐತ್ರಿ.” “ಎಷ್ಟ ಹಲ್ಲಿಂದು?” “ಹಲ್ಲ ನೋಡಿಲ್ರಿ.” “ಹಲ್ಲ ನೋಡದ ಎತ್ತ ತಂದ್ರೇನು!” ಎಂದವರೇ ಎಷ್ಟು ಬಿರುಸಾಗಿ ನಡೆದರೆಂದರೆ ನಾನು ಹಿಂದೆ ಓಡಬೇಕಾಯಿತು. ಮನೆಯ ಮುಂದೆ ಎತ್ತು ಕಾಣದೆ, ಹಿತ್ತಲಲ್ಲೂ ಕಾಣದೆ, ಒಳಗೆ ಬಂದರು.

ಎತ್ತು ದೇವರ ಜಗಲಿಯ ಮೇಲಿತ್ತು. ಹಣೆಗೆ ವಿಭೂತಿ, ಕುಂಕುಮ; ಕೋಡಿಗೆ ಹೂವು. ಪಕ್ಕದಲ್ಲಿ ಕುಂಬಾರನ ಮಣ್ಣಿನ ಎತ್ತೊಂದು. ನಾನು ಕಂಬ ಹಿಡಿದು ನಿಂತೆ. ಅವ್ವ ಹೇಳಿದಳು: “ಕುಂಬಾರ ತಂದ ಜೋಡಿಯೊಳಗ ಒಂದರ ಕಾಲ ಮುರದಿತ್ತು. ಒಂಟಿ ಎತ್ತ ಪೂಜಿ ಮಾಡಬಾರದು. ನಿನ್ನದೂ ಮಣ್ಣಿಂದ ಅಲ್ಲೇನು, ಜೋಡಿ ಕೂಡಿಸಿದೆ.” ನಾನು ಮಾವನವರ ಮುಖ ನೋಡಿದೆ. ಅವರು ನಗಲಿಲ್ಲ. ಎರಡೂ ಕೈಯಿಂದ ನನ್ನ ಕಿಟ್ಲಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, “ಚಲೋ ಎತ್ತ್ರಿ ಅಳಿಯಂದ್ರ,” ಎಂದರು. ಮದುವೆಯಾದಾಗಿನಿಂದ ನನ್ನ ಮನೆಯ ಒಂದು ವಸ್ತುವನ್ನು ಅವರು ಹೊಗಳಿದ್ದು ಅದೇ ಮೊದಲು. ಪೂಜೆ ಮುಗಿಯಲಿ, ತೊಳೆದು ಚಹಾ ಹಾಕಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಆರತಿ ಮುಗಿದೊಡನೆ ಅವ್ವ ಎರಡೂ ಎತ್ತುಗಳನ್ನು ತಟ್ಟೆಯಲ್ಲಿಟ್ಟು ನನ್ನ ಕೈಗೆ ಕೊಟ್ಟಳು. “ಪೂಜಿ ಆದ ಎತ್ತ ಮನ್ಯಾಗ ಇಟಗೋಬಾರದು, ಬಾವಿಗೆ ಬಿಟ್ಟ ಬಾ.” “ಎವ್ವಾ, ಇದು ಮಣ್ಣೆತ್ತಲ್ಲ, ಪಿಂಗಾಣಿ!” “ಲಿಂಗ ಮುಟ್ಟಿ ಏನಂದಿದ್ದಿ? ಮಣ್ಣ ಅಂದಿದ್ದಿಲ್ಲೇನು? ಮಣ್ಣ ಅಲ್ಲಂದ್ರ ಎಲುವೇನು? ಎಲುವಿಗೆ ನಾ ಪೂಜಿ ಮಾಡಿದ್ನೇನು?” ನಾನು ದಿಕ್ಕುಗಾಣದೆ ಮಾವನವರ ಕಡೆ ತಿರುಗಿದೆ. ಅವರು ಗಂಭೀರವಾಗಿ, “ಕೂಡಿಸಿದ ಜೋಡಿ ಅಗಲಸಬಾರದ್ರಿ,” ಎಂದರು.

ಓಣಿಯ ಬಾವಿಗೆ ಹೋಗಿ ಬಿಟ್ಟೆ. ಮಣ್ಣಿನ ಎತ್ತು ಒಮ್ಮೆಲೇ ಮುಳುಗಿತು. ನನ್ನದರ ಹೊಟ್ಟೆ ಖಾಲಿ. ಅದು ತೇಲಿ ಒಂದು ಸುತ್ತು ತಿರುಗಿತು. ಆಮೇಲೆ ಬಾಯಿ ನೀರಿಗೆ ತಗ್ಗಿಸಿ ಗುಳುಗುಳು ಎಂದು ಕುಡಿಯತೊಡಗಿತು. ಯಾರೂ ಅದರಿಂದ ಕುಡಿಯಲಿಲ್ಲ, ಅದೇ ಹೊಟ್ಟೆ ತುಂಬ ಕುಡಿದು ಕೆಳಗೆ ಹೋಯಿತು. ನಾನು ಖಾಲಿ ತಟ್ಟೆ ಹಿಡಿದು ಮನೆಗೆ ಬಂದೆ.

ಗೌರವ್ವ ಮಸಿ ಹಿಡಿದ ಪಾತ್ರೆಯಲ್ಲಿ ಚಹಾ ಕಾಯಿಸಿ ಕೊಟ್ಟಳು. ಮಾವನವರು ಬಶಿಗೆ ಸುರಿದು ಊದುತ್ತ, “ಅಲ್ರೀ ಅಳಿಯಂದ್ರ, ಆ ಎತ್ತಿನ ಬಾಯಾಗಿಂದ ಚಹಾ ಬರತಿತ್ತೇನ್ರಿ?” ಎಂದು ಕೇಳಿದರು. “ಬರತಿತ್ರಿ.” “ಮತ್ತ ಮೊದಲ ಹೇಳಬೇಕಿಲ್ಲೇನ್ರಿ? ಪೂಜಿಗಿಂತ ಮೊದಲ ಒಂದ ಕಪ್ಪ ಕುಡಿತಿದ್ನಲ್ಲ! ಎತ್ತ ನೀರ ಕುಡಿಯೂ ಹಳ್ಳದಾಗ ಅದರ ಬಾಜೂಕ ಬಗ್ಗಿ ಕುಡದು ದೊಡ್ಡಾಂವ ಆದಾಂವ ನಾ.”

ಅಂದಿನಿಂದ ನಮ್ಮ ಓಣಿಯ ಮನೆಮನೆಯ ಚಹಾಕ್ಕೂ ನೀರು ನನ್ನ ಎತ್ತು ಇರುವ ಬಾವಿಯದೇ. ಬೇಸಿಗೆಯಲ್ಲಿ ನೀರು ಇಳಿದಾಗ ಬಿಳಿಯ ಇಣಿ ಕಾಣುತ್ತದೆ. ಹೆಂಗಸರು ಮೇಲಿನಿಂದಲೇ ಹೂವು ಎಸೆದು, ಕೊಡ ತಾಗದ ಹಾಗೆ ಜೋಪಾನವಾಗಿ ಸೇದುತ್ತಾರೆ. ನೀರಿಗೆ ಬಿಟ್ಟ ದೇವರನ್ನು ತಿರುಗಿ ಮೇಲೆ ತರುವ ಹಾಗಿಲ್ಲ. ಮಾವನವರು ಈಗ ಬಂದಾಗಲೆಲ್ಲ ಎರಡೆರಡು ಬಶಿ ಕುಡಿದು, “ನಿಮ್ಮ ಬಾವಿ ನೀರಿಗೆ ಏನೋ ರುಚಿ ಐತ್ರಿ,” ಎನ್ನುತ್ತಾರೆ. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಬಶಿ ಕೆಳಗಿಟ್ಟು, ಎಂದಿನ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ ಕೇಳುತ್ತಾರೆ: “ಆ ಎತ್ತ ಹ್ವಾದ ಮ್ಯಾಲೆ ಮತ್ತೊಂದು ಕಟ್ಟಿಲ್ಲೇನ್ರಿ ಅಳಿಯಂದ್ರ?”

“ಇಲ್ರಿ ಮಾವಾರ,” ಎನ್ನುತ್ತೇನೆ.

“ಇರ್ಲಿ, ಇರ್ಲಿ. ಕಚೇರಿಯವರ ಕೈಯಾಗ ದನಾ ಉಳಿಯೂದಿಲ್ರಿ.”