ನನ್ನ ಕಂಚಿನ ತಟ್ಟೆಗಳನ್ನು ಕಿತ್ತುಕೊಂಡ ನಿರ್ಮಾಪಕಿಯವರಿಗೆ

ಮಾನ್ಯರೇ,

ತಾವು ಕ್ಷೇಮದಿಂದಿದ್ದೀರೆಂದೂ, ಇತರರ ತಪ್ಪುಗಳನ್ನು ಮೂರು ಕೋಣೆಗಳಾಚೆಯಿಂದಲೇ ಗುರುತಿಸಬಲ್ಲ ತಮ್ಮ ಎರಡೂ ಕಿವಿಗಳು ಎಂದಿನಂತೆ ಚುರುಕಾಗಿವೆಯೆಂದೂ ನಂಬಿ, ಲಿಫ್ಟ್ ರಿಪೇರಿಯನ್ನು ಹೊಟ್ಟೆಪಾಡಿಗೂ ಡ್ರಮ್ ಬಾರಿಸುವುದನ್ನು ಸಂತೋಷಕ್ಕೂ ನೆಚ್ಚಿಕೊಂಡಿರುವ ನಾನು ಈ ಬಹಿರಂಗ ದೂರನ್ನು ಅತ್ಯಂತ ವಿನಯದಿಂದ ಸಲ್ಲಿಸುತ್ತಿದ್ದೇನೆ. ತಾವು ಧ್ವನಿಮುದ್ರಿಸಿ ರೂಪಿಸಿಕೊಟ್ಟ ನಮ್ಮ ತಂಡದ ಮೊದಲ ಆಲ್ಬಮ್ ಹೊರಬಂದು ಮೂರು ತಿಂಗಳಾಯಿತು. ಕೇಳಿದವರೆಲ್ಲ ಹೊಗಳುತ್ತಿದ್ದಾರೆ. ಹೊಗಳಿಕೆಯಲ್ಲಿ ನನ್ನ ಪಾಲಿಗೆ ಬಂದದ್ದೆಷ್ಟು ಎಂದು ಹುಡುಕಿ ಸುಸ್ತಾದ ಮೇಲೆಯೇ ನಾನು ಪೆನ್ನು ಹಿಡಿದದ್ದು.

ನಾವು ನಾಲ್ವರು ತಮ್ಮ ಬಾಗಿಲಿಗೆ ಬಂದಾಗ ಎಂಥವರಾಗಿದ್ದೆವು ಎಂಬುದನ್ನು ದಯಮಾಡಿ ನೆನಪಿಸಿಕೊಳ್ಳಿ. ಹಾಡುವವಳು ನನ್ನ ಅಕ್ಕ, ಹಗಲೆಲ್ಲ ಜನರಿಗೆ ಕಾರು ಓಡಿಸಲು ಕಲಿಸುವವಳು. ಗಿಟಾರು ನನ್ನ ಭಾವನದು, ಶಾಲೆಯಲ್ಲಿ ರೇಖಾಗಣಿತದ ಮೇಷ್ಟ್ರು. ಬೇಸ್ ಗಿಟಾರು ನುಡಿಸುವವನು ಮಾತಾಡಿದ್ದನ್ನು ಯಾರೂ ಕೇಳಿರದ ಕಾರಣ ಅವನಿಗೆ ಮೌನಿ ಎಂದೇ ಹೆಸರು. ನಮ್ಮದು ಪೋಸ್ಟ್-ಪಂಕ್ ಎಂದು ನಾವೇ ಘೋಷಿಸಿಕೊಂಡಿದ್ದೆವು. ಅಂದರೆ ಪಂಕ್‌ನವರಷ್ಟೇ ಸಿಟ್ಟು, ಆದರೆ ಸ್ವಲ್ಪ ಯೋಚನೆ ಮಾಡಿ ಬಂದ ಸಿಟ್ಟು, ಅದಕ್ಕೆ ಕುಣಿಯಲೂ ಬರುತ್ತಿತ್ತು. ಅದೇ ಸಿಟ್ಟು ಕಪ್ಪು ಕೋಟು ತೊಟ್ಟು ಖಾಲಿ ಬಂಗಲೆಯಲ್ಲಿ ನಿಧಾನವಾಗಿ ಓಡಾಡತೊಡಗಿದರೆ ಅದಕ್ಕೆ ಗಾತಿಕ್ ರಾಕ್ ಎನ್ನುತ್ತಾರೆಂದು ನಮಗೆ ಆಗ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ನಾವೇ ಆ ಬಂಗಲೆಯೊಳಗಿದ್ದೆವು.

ಮೊದಲ ದಿನ ನಾವು ಒಂಬತ್ತು ಹಾಡುಗಳನ್ನೂ ಒಂದೇ ಉಸಿರಿಗೆ ನುಡಿಸಿದೆವು. ತಾವು ನಮಗೆ ಬೆನ್ನು ಹಾಕಿ, ಕಿಟಕಿಯ ಬಳಿ ನಿಂತು, ಒಂದು ಕಿತ್ತಳೆಯನ್ನು ಸಿಪ್ಪೆ ತುಂಡಾಗದಂತೆ ಸುಲಿಯುತ್ತಿದ್ದಿರಿ. ಕೊನೆಯ ಹಾಡು ಮುಗಿದಾಗ ಸಿಪ್ಪೆಯನ್ನು ಕಿಟಕಿಯ ದಂಡೆಯ ಮೇಲಿಟ್ಟು, ನನ್ನ ಸಿಂಬಲ್‌ಗಳ ಕಡೆಗೆ, ಅಂದರೆ ಕಂಬಿಯ ಮೇಲೆ ಮಿನುಗುತ್ತಿದ್ದ ಆ ಕಂಚಿನ ತಟ್ಟೆಗಳ ಕಡೆಗೆ, ಬೆರಳು ತೋರಿಸಿದಿರಿ.

“ಇವನ್ನ ತೆಗೀರಿ.”

“ಯಾವ್ದನ್ನ?” ಎಂದೆ.

“ಎಲ್ಲಾನೂ.”

ಹನ್ನೆರಡು ವರ್ಷ ನನ್ನ ಜೊತೆಗಿದ್ದ ತಟ್ಟೆಗಳನ್ನು ತಾವು ಸ್ನಾನದ ಟವೆಲಿನಲ್ಲಿ ಸುತ್ತಿ, ಕೈ ತೊಳೆಯುವ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ, ನೆಲ ಒರೆಸುವ ಬಕೆಟ್ಟಿನ ಪಕ್ಕದಲ್ಲಿಟ್ಟು ಬೀಗ ಹಾಕಿದ್ದನ್ನು ನಾನು ಬಾಯಿ ತೆರೆದುಕೊಂಡು ನೋಡಿದೆ. ಇಂಥ ಸೂಕ್ಷ್ಮ ಕೆಲಸವನ್ನು ಅಷ್ಟು ಮೃದುವಾದ ಟವೆಲಿನಲ್ಲಿ ನೆರವೇರಿಸಿದ ತಮ್ಮ ಅಂತಃಕರಣಕ್ಕೆ ನಾನು ಋಣಿ.

ಎರಡನೆಯ ದಿನ ತಾವು ನನ್ನನ್ನು ಮೆಟ್ಟಿಲಿಗೆ ಇಳಿಸಿದಿರಿ. ತಮ್ಮ ಸ್ಟುಡಿಯೋ ಇರುವುದು ಹಳೆಯ ಸೋಪು ಕಾರ್ಖಾನೆಯ ಐದನೆಯ ಮಹಡಿಯಲ್ಲಿ. ಅಲ್ಲಿ ಲಿಫ್ಟ್ ಇಲ್ಲ. ವೃತ್ತಿಯಿಂದಲೇ ಮೆಟ್ಟಿಲುಗಳ ವೈರಿಯಾದ ನಾನು ನನ್ನ ಡ್ರಮ್‌ಗಳನ್ನು ಒಂದೊಂದಾಗಿ ಐದು ಮಹಡಿ ಹತ್ತಿಸಿದ್ದೆ. ಈಗ ಒಂದೊಂದಾಗಿ ಇಳಿಸಿ, ಮೆಟ್ಟಿಲುಗಳ ಬುಡದಲ್ಲಿಟ್ಟು, ಮೈಕನ್ನು ಮೂರನೆಯ ಮಹಡಿಯ ಕಂಬಿಗೆ ನೇತುಹಾಕಿ ಬಾರಿಸಬೇಕಾಯಿತು. ಬೆಳಿಗ್ಗೆಯೆಲ್ಲ ಬರೀ ದೊಡ್ಡ ಡ್ರಮ್ಮು, ಮಧ್ಯಾಹ್ನವೆಲ್ಲ ಬರೀ ಚಿಕ್ಕದು. ಒಂದು ಪೆಟ್ಟು ಮೇಲಕ್ಕೆ ಹೋಗಿ, ಗೋಡೆಗಳಿಗೆಲ್ಲ ಹಣೆ ತಾಗಿಸಿಕೊಂಡು ಕೆಳಗೆ ಬರುವವರೆಗೂ ಎರಡನೆಯ ಪೆಟ್ಟು ಬೀಳಕೂಡದೆಂದು ಕಟ್ಟಪ್ಪಣೆ. ಎರಡನೆಯ ಮಹಡಿಯ ಪುಸ್ತಕ ಬೈಂಡಿಂಗಿನ ಹೆಂಗಸು ಅಂಟು ಮೆತ್ತಿದ ಕೈಯಲ್ಲೇ ಬಾಗಿಲು ತೆರೆದು, “ಯಾರಾದ್ರೂ ಬಿದ್ರಾ?” ಎಂದು ಕೂಗಿದರು. “ಇಲ್ಲಮ್ಮಾ, ನಾನೇ,” ಎಂದೆ. ಹತ್ತು ನಿಮಿಷಕ್ಕೆ ಮತ್ತೆ ಬಾಗಿಲು. “ಮತ್ತೆ ಬಿದ್ರಾ?” ಮೂರನೆಯ ಸಲ ಅವರು ಕೇಳಲಿಲ್ಲ, ಒಂದು ಕುರ್ಚಿಯನ್ನೇ ತಂದುಕೊಟ್ಟರು. ಸಂಗೀತದಲ್ಲಿ ನನಗೆ ದೊರೆತ ಮೊದಲ ಪ್ರಾಮಾಣಿಕ ವಿಮರ್ಶೆ ಅದು.

ಉಳಿದವರಿಗೂ ತಾವು ನ್ಯಾಯವನ್ನು ಸಮನಾಗಿ ಹಂಚಿದಿರಿ. ಭಾವ ಎಂಟು ತಿಂಗಳು ಬೆವರು ಸುರಿಸಿ ಕಲಿತಿದ್ದ ಅಮೋಘವಾದ ಗಿಟಾರ್ ವಾದನವನ್ನು ತಾವು ಕಣ್ಣು ಮುಚ್ಚಿ, ತಲೆದೂಗಿ, ಕೊನೆಯವರೆಗೆ ಕೇಳಿದಿರಿ. ಕೇಳಿದ ಮೇಲೆ ಎರಡೇ ತಂತಿ ಸಾಕೆಂದು ಹೇಳಿ, ಆ ಎರಡರ ನಾದವನ್ನೂ ಒಂದು ಚಿಕ್ಕ ಪೆಟ್ಟಿಗೆಯೊಳಗೆ ಹಾಯಿಸಿ, ಅದಕ್ಕೆ ಚಳಿಜ್ವರ ಬರಿಸಿದಿರಿ. ಇಡೀ ಹಾಡಿನಲ್ಲಿ ತಾನು ನುಡಿಸಿದ್ದು ಹದಿನೇಳು ಸ್ವರ ಎಂದು ಭಾವ ಲೆಕ್ಕ ಹಾಕಿ ಮೂರು ದಿನ ಊಟ ಬಿಟ್ಟಿದ್ದರು. ಈಗ ಸಿಕ್ಕವರ ಮುಂದೆಲ್ಲ “ಮಿತವಾಗಿ ನುಡಿಸೋದೇ ನನ್ನ ಶೈಲಿ” ಎನ್ನುತ್ತಾರೆ. ಇನ್ನು ಯಾವಾಗಲೂ ಹಿಂದೆ ಗೊಣಗುತ್ತಿದ್ದ ಬೇಸನ್ನು ತಾವು ಎಲ್ಲರಿಗಿಂತ ಮುಂದೆ ತಂದು, ರಾಗ ಹಾಡುವ ಕೆಲಸವನ್ನೇ ಅದಕ್ಕೆ ವಹಿಸಿದಿರಿ. ಪರಿಣಾಮವಾಗಿ ಮೌನಿ ಮಾತಾಡಲು ಕಲಿತಿದ್ದಾನೆ. ಮಾನ್ಯರೇ, ಅವನು ನಿಲ್ಲಿಸುತ್ತಿಲ್ಲ.

ಇಷ್ಟನ್ನು ನಾನು ನಕ್ಕು ಮರೆಯುತ್ತಿದ್ದೆ. ಆದರೆ ನಾಲ್ಕನೆಯ ದಿನ ಮೂರನೆಯ ಮಹಡಿಯಲ್ಲಿ, ಮೈಕಿನ ತಂತಿ ಸುತ್ತುತ್ತ, ತಾವು ನನ್ನನ್ನು ಒಂದು ಪ್ರಶ್ನೆ ಕೇಳಿದಿರಿ.

“ಆರನೇ ಹಾಡಲ್ಲಿ, ನಿಮ್ಮಕ್ಕ ‘ಬಾಗಿಲು ತೆರೆದೇ ಇದೆ’ ಅಂತ ದನಿ ಮೇಲಕ್ಕೆ ಒಯ್ತಾರಲ್ಲ, ಆಗೆಲ್ಲ ನೀವು ಸಿಂಬಲ್ ಜೋರಾಗಿ ಹೊಡೀತಿದ್ರಿ. ಯಾಕೆ?”

“ಹಾಡಿಗೆ ಬೇಕು ಅದು.”

“ಹಾಡಿಗಾ?” ಎಂದಷ್ಟೇ ಕೇಳಿ ತಾವು ಮೇಲೆ ಹೋದಿರಿ.

ಓದುಗರಿಗೆ ತಿಳಿದಿರಲೆಂದು ಹೇಳುತ್ತೇನೆ. ತಮ್ಮ ಬಳಿಗೆ ಬರುವ ಎರಡು ವರ್ಷ ಮೊದಲು ಅಕ್ಕನಿಗೆ ಗಂಟಲಿನ ಶಸ್ತ್ರಚಿಕಿತ್ಸೆ ಆಗಿತ್ತು. ಗಂಟು ಹೋಯಿತು, ಜೀವಕ್ಕೆ ಭಯವಿಲ್ಲವೆಂದರು, ದನಿಯೂ ಮರಳಿತು. ಆದರೆ ಒಂದು ಎತ್ತರಕ್ಕೆ ಹೋದಾಗ ಅದು ಬಟ್ಟೆ ಹರಿದಂತೆ ಎರಡಾಗುತ್ತಿತ್ತು. ಕಾರು ಕಲಿಸುವಾಗ “ಬ್ರೇಕ್!” ಎಂದು ಕಿರುಚಲಾಗದೆ ಅವಳು ಕೈಬ್ರೇಕಿನ ಮೇಲೇ ಕೈಯಿಟ್ಟುಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಿದ್ದಳು. ಮೊದಲ ಅಭ್ಯಾಸದ ದಿನ ಹಾಡಿ ಮುಗಿಸಿ, “ಹೇಗಿತ್ತೋ?” ಎಂದು ನನ್ನ ಮುಖವನ್ನೇ ನೋಡಿದಳು. “ಮೊದಲಿಗಿಂತ ಚೆನ್ನಾಗಿದೆ ಕಣೇ,” ಎಂದುಬಿಟ್ಟೆ. ಭಾವನೂ ಹೂಂಗುಟ್ಟಿದರು. ಅಂದಿನಿಂದ ದನಿ ಹರಿಯುವ ಜಾಗ ಬಂದಾಗಲೆಲ್ಲ ನಾನು ಕಂಚನ್ನು ಅಪ್ಪಳಿಸುತ್ತ ಬಂದೆ, ಅವಳಿಗೆ ಕೇಳಿಸದಿರಲೆಂದು. ಜನ ಅದನ್ನು ಆವೇಶ ಎಂದು ಮೆಚ್ಚಿಕೊಂಡಿದ್ದರು. ಕಿತ್ತಳೆ ಸುಲಿಯುತ್ತ ಬೆನ್ನು ಹಾಕಿ ನಿಂತವರೊಬ್ಬರು ಅದನ್ನು ಒಂದೇ ಸಲಕ್ಕೆ ಪತ್ತೆ ಹಚ್ಚಬಹುದೆಂದು ನನಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ.

ಐದನೆಯ ದಿನ ಅಕ್ಕನ ಸರದಿ. ನನ್ನ ತಟ್ಟೆಗಳು ಬಕೆಟ್ಟಿನ ಪಕ್ಕದಲ್ಲಿದ್ದವು. ಆರನೆಯ ಹಾಡಿನಲ್ಲಿ ಅವಳು ಮೇಲಕ್ಕೆ ಹೋದಳು, ದನಿ ಹರಿಯಿತು, ಅವಳು ಹಾಡು ನಿಲ್ಲಿಸಿದಳು. ಗಾಜಿನಾಚೆಯಿಂದ ತಾವು ಅದನ್ನೇ ಮತ್ತೆ ಕೇಳಿಸಿದಿರಿ. ಅವಳು ಹೆಡ್‌ಫೋನ್ ತೆಗೆದು ಸೀದಾ ನನ್ನ ಮುಂದೆ ಬಂದು ನಿಂತಳು.

“ಇದು ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಎಷ್ಟು ದಿನದಿಂದ?”

“ಮೊದಲಿಂದ.”

ಭಾವನ ಕಡೆ ತಿರುಗಿದಳು. ಭಾವ ಗಿಟಾರಿನ ತಂತಿಗಳನ್ನು ಎಣಿಸತೊಡಗಿದರು. ಅವು ಆರೇ ಇದ್ದವು.

“ಒಂದೂವರೆ ವರ್ಷ ನಾನು ಚೆನ್ನಾಗಿ ಹಾಡ್ತಿದೀನಿ ಅಂದ್ಕೊಂಡು ಊರೆಲ್ಲ ಸುತ್ತಿದೀನಿ,” ಎಂದಳು. “ಡಾಕ್ಟ್ರು ಕೂಡ ನಿಜ ಹೇಳಿದ್ರು. ನೀವಿಬ್ರು ಹೇಳ್ಲಿಲ್ಲ.”

ಅವಳು ಐದು ಮಹಡಿ ಇಳಿದು ಹೋಗುವಾಗ ಒಂದೊಂದು ಹೆಜ್ಜೆಯೂ ಸ್ಪಷ್ಟವಾಗಿ ಕೇಳಿಸಿತು. ಧ್ವನಿಗೆ ಅಷ್ಟು ಅನುಕೂಲವಾದ ಮೆಟ್ಟಿಲು ತಮ್ಮದು.

ಮುಂದಿನ ನಾಲ್ಕು ದಿನ ಅವಳು ನನ್ನ ಫೋನು ಎತ್ತಲಿಲ್ಲ. ಭಾವನನ್ನು ಮನೆಯಿಂದ ಆಚೆ ಹಾಕಿದ್ದಳು. ಅವರು ನನ್ನ ಸೋಫಾಕ್ಕಿಂತ ಒಂದು ಗೇಣು ಉದ್ದವಿದ್ದಾರೆಂಬುದು ಆಗಲೇ ನನಗೆ ತಿಳಿದದ್ದು. ತಂಡ ಮುಗಿಯಿತೆಂದು ನಾವು ಮೂವರೂ ಒಪ್ಪಿಕೊಂಡೆವು. ನನಗೆ ತಂಡದ ಚಿಂತೆಯಿರಲಿಲ್ಲ. ಇನ್ನು ಮುಂದೆ ನಾನು ಏನು ಹೇಳಿದರೂ, “ಊಟ ಮಾಡ್ದೆ” ಎಂದರೂ, ಅವಳು ನಂಬುವುದಿಲ್ಲವಲ್ಲ ಎಂದು ಒಂದು ಕೆಟ್ಟುನಿಂತ ಲಿಫ್ಟಿನೊಳಗೆ ಸ್ಕ್ರೂಡ್ರೈವರ್ ಹಿಡಿದು ಕುಳಿತು ಯೋಚಿಸುತ್ತಿದ್ದೆ. ತಾವು ಫೋನು ಮಾಡಿ “ಬನ್ನಿ, ಕೇಳಿ” ಎಂದದ್ದು ಆಗಲೇ.

ನಾವು ಬಂದಾಗ ಅಕ್ಕ ತಮ್ಮ ಕುರ್ಚಿಯಲ್ಲಿ ಕೈ ಕಟ್ಟಿ ಕುಳಿತಿದ್ದಳು. ಬೆಳಿಗ್ಗೆಯೇ ಒಬ್ಬಳೇ ಬಂದು, ಆರನೆಯ ಹಾಡನ್ನು ಒಂದೇ ಸಲಕ್ಕೆ ಹಾಡಿ ಮುಗಿಸಿದ್ದಳಂತೆ. ತಾವು ಗುಂಡಿ ಒತ್ತಿದಿರಿ. ನನ್ನ ಡ್ರಮ್ಮು ಎಲ್ಲೋ ಆಳದಲ್ಲಿ, ನೆಲಮಾಳಿಗೆಯಲ್ಲಿ ಯಾರೋ ಕದ ತಟ್ಟಿದಂತೆ ಕೇಳಿಸಿತು. ಭಾವನ ಎರಡು ತಂತಿ ದೂರದಲ್ಲಿ ನಡುಗಿದವು. ತಮ್ಮಲ್ಲಿದ್ದ ಮಾರ್ದನಿಯನ್ನೆಲ್ಲ ನಮಗೇ ಹಂಚಿ ಮುಗಿಸಿದ್ದಿರಿ, ಅವಳಿಗೆ ಒಂದು ಚೂರೂ ಉಳಿಸಿರಲಿಲ್ಲ. ಅವಳ ದನಿ ಪಕ್ಕದ ಕುರ್ಚಿಯಿಂದ ಬಂದಂತಿತ್ತು. ಆ ಸಾಲು ಬಂದಾಗ ತಾವು ನಮ್ಮೆಲ್ಲರ ಬಾಯಿ ಮುಚ್ಚಿಸಿದ್ದಿರಿ. ಅವಳೊಬ್ಬಳೇ ಮೇಲೇರಿದಳು, ದನಿ ಹರಿಯಿತು, ಹರಿದ ದನಿಯಲ್ಲೇ ಸಾಲು ಮುಗಿಸಿದಳು.

“ಈಗ ಹೇಳು,” ಎಂದಳು ನನಗೆ.

“ಒಡೆದಿದೆ.”

“ಎಲ್ಲಿ?”

“‘ಬಾಗಿಲು’ ಅನ್ನೋ ಕಡೆ. ‘ಗಿ’ ಮೇಲೆ.”

“ಹೂಂ. ಸರಿಯಾಗಿ ಕೇಳಿಸ್ಕೊಂಡಿದೀಯ,” ಎಂದು ತಮ್ಮ ಕಡೆ ತಿರುಗಿ, “ಇನ್ನೊಂದ್ ಸಲ ಹಾಕಿ,” ಎಂದಳು. ಆ ದಿನ ನಾವು ಅದನ್ನು ಹನ್ನೊಂದು ಸಲ ಕೇಳಿದೆವು. ಏಳನೆಯ ಸಲಕ್ಕೆ ಭಾವನಿಗೆ ಮನೆಗೆ ಬರಲು ಅಪ್ಪಣೆಯಾಯಿತು.

ಈಗ ದೂರಿನ ಮುಖ್ಯ ಭಾಗ. ನಾವು ನುಡಿಸುವ ಕಡೆಗೆಲ್ಲ ಈಗ ಕಪ್ಪು ಬಟ್ಟೆಯವರು ಬಂದು, ಕಣ್ಣಿಗೆ ಕಾಡಿಗೆ ಬಳಿದುಕೊಂಡು, ಅಲುಗಾಡದೆ ನಿಂತು ಕೇಳುತ್ತಾರೆ. ಒಬ್ಬರು ನನ್ನ ಕೈ ಹಿಡಿದು, ಅಂಥ ಪೆಟ್ಟು ಹಾಕಬೇಕಾದರೆ ಎಷ್ಟು ನೋವು ಉಂಡಿರಬೇಕೆಂದು ಕೇಳಿದರು. ನಾನು ಮಧ್ಯಾಹ್ನದಿಂದ ಏನೂ ಉಂಡಿರಲಿಲ್ಲ, ಅಷ್ಟೆ. ಆದ್ದರಿಂದ ನಾನು ಸ್ವಭಾವತಃ ನಗುಮುಖದ ಮನುಷ್ಯನೆಂದು ತಾವು ಒಂದು ಪ್ರಮಾಣಪತ್ರ ಬರೆದು, ಸಹಿ ಹಾಕಿ, ಅದರ ನೂರು ಪ್ರತಿಗಳನ್ನು ಕಳಿಸಿಕೊಡಬೇಕು. ನಾವು ನುಡಿಸುವ ಜಾಗಗಳೆಲ್ಲ ನೆಲಮಹಡಿಯಲ್ಲೇ ಇರುವುದರಿಂದ, ಮಡಚಿ ವ್ಯಾನಿನಲ್ಲಿ ಒಯ್ಯಬಹುದಾದ ಐದು ಮಹಡಿಯ ಮೆಟ್ಟಿಲೊಂದನ್ನು ಒದಗಿಸಬೇಕು; ಬೈಂಡಿಂಗಿನ ಹೆಂಗಸನ್ನೂ ಜೊತೆಗೆ ಕಳಿಸಿದರೆ ಉತ್ತಮ. ಮೌನಿಯ ಸದ್ದನ್ನು ತಗ್ಗಿಸುವ ಗುಂಡಿ ಯಾವುದೆಂದು ತಿಳಿಸಬೇಕು. ತಟ್ಟೆಗಳನ್ನೇನೋ ಕೊನೆಯ ದಿನ ಟವೆಲಿನ ಸಮೇತ ಹಿಂದಿರುಗಿಸಿದಿರಿ, ಆದರೆ ಈಗ ಅವನ್ನು ಬಾರಿಸಲು ಕೈಯೆತ್ತಿದಾಗಲೆಲ್ಲ “ಯಾಕೆ?” ಎಂದು ತಾವೇ ಕೇಳಿದಂತಾಗಿ ಕೈ ಅಲ್ಲೇ ನಿಲ್ಲುತ್ತದೆ. ಆ ಪ್ರಶ್ನೆಯನ್ನು ತಾವು ಹಿಂದಕ್ಕೆ ಪಡೆಯಬೇಕು.

ಮನೆಯ ಪರಿಸ್ಥಿತಿಯಂತೂ ಕೈ ಮೀರಿದೆ. ಪ್ರತಿ ಅಭ್ಯಾಸದ ಕೊನೆಗೆ ಅಕ್ಕ ನನ್ನ ಮುಂದೆ ನಿಂತು, “ಹೇಳು,” ಎನ್ನುತ್ತಾಳೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅವಳು ಬಯ್ಯುತ್ತಾಳೆ, ಆ ಬೈಗುಳಗಳನ್ನು ಇಲ್ಲಿ ಬರೆದರೆ ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಬೈದು ಮುಗಿಸಿ, ಮತ್ತೆ ಹಾಡುತ್ತಾಳೆ. ಹೋದ ವಾರ ಎರಡನೆಯ ಆಲ್ಬಮ್ ಯಾರ ಕೈಯಲ್ಲಿ ಮಾಡಿಸಬೇಕೆಂದು ಮತಕ್ಕೆ ಹಾಕಿದೆವು. ತಮ್ಮ ಪರವಾಗಿ ಮೂರು, ವಿರುದ್ಧವಾಗಿ ಒಂದು. ಆ ಒಂದು ನನ್ನದೆಂದು ತಾವು ಊಹಿಸಿದ್ದರೆ ತಪ್ಪು. ಅದು ಭಾವನದು, ಅವರು ಹೊಸದೊಂದು ದೀರ್ಘ ಗಿಟಾರ್ ವಾದನ ಕಲಿಯುತ್ತಿದ್ದಾರೆ. ಫಲಿತಾಂಶವನ್ನು ತಮಗೆ ತಿಳಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಈ ದೂರಿನ ಜೊತೆಗೇ ಆಹ್ವಾನವನ್ನೂ ಲಗತ್ತಿಸಲಾಗಿದೆಯೆಂದು ತಿಳಿಯಬೇಕಾಗಿ ವಿನಂತಿ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಡ್ರಮ್ ಬಾರಿಸುವವನು

ತಾ.ಕ.: ಯಾವುದನ್ನು ಕೈಗೆ ಕೊಟ್ಟರೂ ಅರ್ಧ ಕತ್ತರಿಸದೆ ತಮಗೆ ನಿದ್ದೆ ಬರುವುದಿಲ್ಲವೆಂದು ಬಲ್ಲೆ, ಆದಕಾರಣವೇ ಈ ಪತ್ರವನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ಬರೆದಿದ್ದೇನೆ. ಯಾವ ಅರ್ಧವನ್ನು ಬೇಕಾದರೂ ಕಿತ್ತುಹಾಕಿ. ಅಕ್ಕ ಮಾತಾಡಿದ ಕಡೆ ಮಾತ್ರ ಮುಟ್ಟಬೇಡಿ.