ಬುಗುರಿ ಮಾಮಾನ ತೊಡೆಯ ಮೇಲೆ

ಸುರೇಬಾನದ ಟೆಂಪೋ ಚಾಲಕ ಪೀರಸಾಬ ಮೂವತ್ತು ವರ್ಷದಿಂದ ಒಂದೇ ಮಾತು ಹೇಳುತ್ತ ಬಂದಿದ್ದ: ಎಂಟನೆಯ ವಯಸ್ಸಿನಲ್ಲಿ ಅಪ್ಪನ ಲಾರಿ ಹತ್ತಿ ಬೆಂಗಳೂರಿಗೆ ಹೋದಾಗ ತಾನು ಟೀವಿಯ ಮಕ್ಕಳ ಕಾರ್ಯಕ್ರಮದ ಬುಗುರಿ ಮಾಮಾನ ತೊಡೆಯ ಮೇಲೆ ಕುಳಿತಿದ್ದೆನೆಂದು. ಅದು ಪ್ರಸಾರವಾದ ದಿನ ಊರಲ್ಲಿ ಕರೆಂಟ್ ಇರಲಿಲ್ಲ. ಹಾಗಾಗಿ ಹೆಂಡತಿ ಗೌಸಬಿಯೂ ಸೇರಿ ಒಬ್ಬರೂ ನಂಬಿರಲಿಲ್ಲ.

ಈ ಭಾನುವಾರ ಬುಗುರಿ ಮಾಮಾನ ನೆನಪಿನ ಕಾರ್ಯಕ್ರಮವಿತ್ತು. ಅದರ ಜಾಹೀರಾತಿನಲ್ಲಿ ಅರೆಕ್ಷಣ, ಅಂದು ತಾನು ಹಾಕಿಕೊಂಡಿದ್ದ ಕೆಂಪು ಟೊಪ್ಪಿಗೆ ಕಂಡದ್ದೇ ತಡ, ಪೀರಸಾಬ ಕುಣಿದುಬಿಟ್ಟ.

"ಎಲ್ಲಾರೂ ನಾಲ್ಕಕ್ಕ ಬರ್ರಿ! ಚಾ, ಗಿರಮಿಟ್ಟ ನಂದಽ!" ಎಂದು ಓಣಿಗೆಲ್ಲ ಸಾರಿದ.

ಓಣಿಯೇ ಬಂತು. ಎದುರುಬದುರು ಮನೆಯ ಮುದುಕರಾದ ಗಂಗಯ್ಯ ಮತ್ತು ತಂಗೆವ್ವ ಕೂಡ ಬಂದು ಒಬ್ಬರಿಗೊಬ್ಬರು ಬೆನ್ನು ಹಾಕಿ ಕುಳಿತರು. ಮೂವತ್ತು ವರ್ಷದ ಹಿಂದಿನ ಒಂದು ಹೋಳಿಯಲ್ಲಿ, ಕಾಮಣ್ಣನ ಬೆಂಕಿಗೆ ಕಟ್ಟಿಗೆ ಕದಿಯುವ ಹುಡುಗರು ಗಂಗಯ್ಯನ ಮನೆಯ ತೇಗದ ತೊಟ್ಟಿಲನ್ನೇ ಹೊತ್ತುಕೊಂಡು ಹೋಗಿದ್ದರು. ಅದು ತಂಗೆವ್ವನ ತಮ್ಮನ ಕೆಲಸವೆಂದು ಗಂಗಯ್ಯನ ಹಟ. ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದರು.

"ಗಿರಮಿಟ್ಟಂತೂ ಖರೆ ಐತಿ. ಮುಂದಿಂದು ನೋಡೋಣು," ಎಂದ ಗಂಗಯ್ಯ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಕರೆಂಟ್ ಹೋಯಿತು.

"ಮುಗೀತ ನೋಡ್ರಿ," ಎಂದಳು ಗೌಸಬಿ. "ಇವರು ಟೀವಿಯಾಗ ಬರ್ತಾರಂದ್ರ ಕರೆಂಟ ನಿಂದ್ರೂದಽ ಇಲ್ಲ."

ಪೀರಸಾಬನಿಗೆ ಅಳುವೇ ಬಂತು. ಶಾಮಿಯಾನದ ರಾಮಲಿಂಗಪ್ಪನ ಮನೆಗೆ ಓಡಿ, ಜನರೇಟರನ್ನು ಕೈಗಾಡಿಯಲ್ಲಿ ಎಳೆದು ತಂದ. ದಾರಿಯಲ್ಲಿ ಒಂದು ಚಪ್ಪಲಿ ಗಟಾರಕ್ಕೆ ಬಿತ್ತು. ಹಗ್ಗ ಜಗ್ಗಿ ಜಗ್ಗಿ ತೋಳು ಸೋತ ಮೇಲೆ ಜನರೇಟರ್ ಬೀಡಿ ಸೇದುವ ಮುದುಕನಂತೆ ಕೆಮ್ಮಿ ಎದ್ದಿತು. ಟೀವಿ ಹತ್ತಿತು.

ಬುಗುರಿ ಮಾಮಾ! ಅವನ ತೊಡೆಯ ಮೇಲೆ ಕೆಂಪು ಟೊಪ್ಪಿಗೆಯ ಹುಡುಗ!

"ನಿನ್ನ ಹೆಸರೇನಪ್ಪಾ?" ಎಂದು ಮಾಮಾ ಕೇಳಿದ.

"ಪೀರಸಾಬ ರೀ. ಊರು ಸುರೇಬಾನ."

ಮನೆಯೆಲ್ಲ ಚಪ್ಪಾಳೆ. ಗೌಸಬಿ ಕಣ್ಣೊರೆಸಿಕೊಂಡು, "ಖರೇನಽ ಐತಲ್ಲರೀ!" ಎಂದಳು. ಪೀರಸಾಬನಿಗೆ ಬದುಕಿದ್ದು ಸಾರ್ಥಕವೆನಿಸಿತು.

"ಯಾರಿಗೂ ಹೇಳದ ಒಂದು ಗುಟ್ಟು ಹೇಳು ನೋಡೋಣ," ಎಂದ ಮಾಮಾ.

ಇದೊಂದು ಪೀರಸಾಬನಿಗೆ ನೆನಪೇ ಇರಲಿಲ್ಲ.

"ಹೋಳಿ ಹುಣ್ಣಿವ್ಯಾಗ ಗಂಗಯ್ಯಾರ ತೊಟ್ಟಲಾ ಕದ್ದ ಸುಟ್ಟಾಂವ ನಾನಽ ರೀ," ಎಂದು ಟೀವಿಯ ಹುಡುಗ ಹಲ್ಲು ಕಿರಿದ. "ಬೈಗಳಾ ತಂಗೆವ್ವನ ತಮ್ಮಗ ಬಿದ್ದಾವು!"

ಚಪ್ಪಾಳೆ ನಿಂತಿತು. ಪೀರಸಾಬ ಮೆಲ್ಲಗೆ ಎದ್ದು ಬಾಗಿಲ ಬಳಿ ಸರಿದು, ಉಳಿದಿದ್ದ ಒಂದೇ ಚಪ್ಪಲಿಗೆ ಕಾಲು ತೂರಿಸಿದ.

ಮೂವತ್ತು ವರ್ಷಗಳ ಮೇಲೆ ಮೊದಲ ಸಲ ಗಂಗಯ್ಯ ತಂಗೆವ್ವನ ಕಡೆ ತಿರುಗಿದ.

"ತಂಗೆವ್ವಾ," ಎಂದ, "ಆ ಬಾಗಲಾ ಹಾಕವಾ."