ಎರಡಡಿ ಉದ್ದದ ಹೆದರಿಕೆ

ಕಬ್ಬಿಣದ ಜೊತೆ ಬದುಕುವವರು ಗಟ್ಟಿಗರಾಗಿರುತ್ತಾರೆ ಎಂದು ಜನ ತಿಳಿದಿದ್ದಾರೆ. ಕಾರ್ಕಳದಲ್ಲಿ ಇಪ್ಪತ್ತು ವರ್ಷಗಳಿಂದ ವೆಲ್ಡಿಂಗ್ ಶಾಪ್ ಇಟ್ಟುಕೊಂಡಿರುವ ನಾನು ಮಾತ್ರ ಮಹಾ ಪುಕ್ಕಲ. ಶಾಪಿಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂಬ ಸಂಶಯದಲ್ಲಿ ದೂರದ ಸಂತೆಕಟ್ಟೆಯಿಂದ ವಾಪಸು ಬಂದದ್ದೂ ಉಂಟು. ನಾನು ಮಾಡಿಕೊಟ್ಟ ಗೇಟುಗಳ ಮುಂದೆ ಹೋಗುವಾಗ ಸ್ಕೂಟರ್ ನಿಧಾನಿಸಿ, ಗೇಟು ಇನ್ನೂ ನಿಂತಿದೆಯೇ ಎಂದು ನೋಡುತ್ತೇನೆ. ಕಳ್ಳನಿರಬೇಕೆಂದು ಆ ಮನೆಗಳವರು ನನ್ನನ್ನು ಸಂಶಯದಿಂದ ನೋಡುತ್ತಾರೆ. ಇಂಥವನನ್ನು ಹುಡುಕಿಕೊಂಡು ವಸಂತಕ್ಕ ಬಂದರು.

ವಸಂತಕ್ಕ ಹೆಬ್ರಿ ರಸ್ತೆಯಲ್ಲಿ ದೊಡ್ಡ ದನದ ಹಟ್ಟಿ ನಡೆಸುವವರು. ಅವರ ಗೊಬ್ಬರ ಲಾರಿಯೇರಿ ಶಂಕರಪುರದ ಮಲ್ಲಿಗೆ ತೋಟಗಳಿಗೆ ಹೋಗುತ್ತದೆ. ಲಾರಿಗೆ ಅದನ್ನು ತುಂಬುವುದು ಟ್ರ್ಯಾಕ್ಟರಿನ ಮುಂದೆ ಜೋಡಿಸಿದ ಲೋಡರ್: ಎರಡು ಕಬ್ಬಿಣದ ತೋಳು, ತುದಿಯಲ್ಲೊಂದು ಬಕೆಟ್. ತೋಳು ಗಿಡ್ಡವಾದ್ದರಿಂದ ಗೊಬ್ಬರವೆಲ್ಲ ಲಾರಿಯ ಈಚೆ ಬದಿಗೇ ಬೀಳುತ್ತಿತ್ತು.

"ಮೊನ್ನೆ ತಿರುವಿನಲ್ಲಿ ಲಾರಿ ವಾಲಿಬಿಟ್ಟಿತು ಮಾರಾಯ್ರೆ. ತೋಳು ಎರಡಡಿ ಉದ್ದ ಮಾಡಿ ಕೊಡಿ. ಆಗ್ತದಲ್ವಾ?" ಎಂದರು.

"ಆಗ್ತದೆ" ಎಂದೆ. ಆಗದು ಎನ್ನಲೂ ನನಗೆ ಹೆದರಿಕೆಯೇ.

ಐದು ದಿನ ಕೆಲಸ ಮಾಡಿದೆ. ಬೆಸುಗೆ ಬಿಟ್ಟೀತೇ ಎಂಬ ಚಿಂತೆಯಲ್ಲಿ ಒಂದರ ಮೇಲೊಂದು ಕಬ್ಬಿಣದ ಪಟ್ಟಿ ಕೂರಿಸಿದೆ. ಊಟಕ್ಕೆ ಕೂತರೂ ಅನ್ನದಲ್ಲಿ ಬೆರಳಿನಿಂದ ತೋಳಿನ ನಕ್ಷೆ ಬರೆಯುತ್ತಿದ್ದೆ. "ಸಾರು ಎಲ್ಲಿಗೆ ಬಡಿಸುವುದು, ಬಕೆಟಿಗಾ?" ಎಂದು ಹೆಂಡತಿ ಕೇಳಿದಳು.

ಪರೀಕ್ಷೆಯ ದಿನ ಟ್ರ್ಯಾಕ್ಟರ್ ಹತ್ತಿದವರು ಡ್ರೈವರ್ ಸದಾನಂದಣ್ಣ. ನನಗಿಂತ ಹಿರಿಯರು, ಅವಸರವೇ ಗೊತ್ತಿಲ್ಲದವರು. ಬಕೆಟ್ ತುಂಬಿ ಲಿವರ್ ಎಳೆದರು. ತೋಳು ಜರ್ಕು ಹೊಡೆಯುತ್ತ ಮೇಲೇರಿತು. ಏರಿದಂತೆ ಬಕೆಟ್ ಹಿಂದಕ್ಕೆ ಮಗುಚಿ ಗೊಬ್ಬರ ಬಾನೆಟ್ಟಿನ ಮೇಲೆ, ಆಮೇಲೆ ಸದಾನಂದಣ್ಣನ ತಲೆಯ ಮೇಲೆ ಸುರಿಯಿತು. ಅಷ್ಟರಲ್ಲಿ ಹಿಂದಿನ ಚಕ್ರಗಳೆರಡೂ ನೆಲ ಬಿಟ್ಟು ಗೇಣುದ್ದ ಎದ್ದವು. ಸದಾನಂದಣ್ಣ ಕಣ್ಣಿನ ಗೊಬ್ಬರವನ್ನೂ ಒರೆಸದೆ ತೋಳನ್ನು ಇಷ್ಟಿಷ್ಟೇ ಇಳಿಸಿ ಚಕ್ರಗಳನ್ನು ನೆಲಕ್ಕೆ ತಂದರು.

"ಎಂತ ಇದು, ಟ್ರ್ಯಾಕ್ಟರ್ ಯಾರಿಗೆ ನಮಸ್ಕಾರ ಮಾಡ್ತಾ ಉಂಟು?" ಎನ್ನುತ್ತ ವಸಂತಕ್ಕ ಹಟ್ಟಿಯಿಂದ ಬಂದರು.

ಸದಾನಂದಣ್ಣ ಇಳಿದು ನನ್ನ ಕಿವಿಯ ಹತ್ತಿರ, "ನಾನೇ ಲಿವರ್ ಜೋರು ಎಳೆದೆ ಅಂತ ಹೇಳ್ತೇನೆ. ನಿಮ್ಮ ಶಾಪಿನ ಹೆಸರು ಹಾಳಾಗುವುದು ಬೇಡ" ಎಂದರು. ಹೇಳಿಯೂ ಬಿಟ್ಟರು. ನಾಚಿಕೆಯ ವಿಷಯವೆಂದರೆ, ಆ ಕ್ಷಣ ನನಗೆ ಹಾಯೆನಿಸಿತು.

ವಸಂತಕ್ಕ ಸದಾನಂದಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೈ ಹತೋಟಿಯಲ್ಲಿ ಇಲ್ಲದಿದ್ದರೆ ನಾನು ಬೇರೆ ಡ್ರೈವರ್ ನೋಡ್ಬೇಕಾಗ್ತದೆ, ಸದಾನಂದ."

ಅವರು ತಲೆ ತಗ್ಗಿಸಿ ನಿಂತರು. ಕೂದಲಿನಿಂದ ಗೊಬ್ಬರ ಉದುರುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ತಪ್ಪು ಅವರದ್ದಲ್ಲ, ನನ್ನದು. ಮುಂದೆ ಉದ್ದ ಮಾಡಿದ್ದಕ್ಕೆ ಹಿಂದೆ ಎಷ್ಟು ಭಾರ ಬೇಕು ಅಂತ ನೋಡಲೇ ಇಲ್ಲ. ಅವರು ಹಿಡಿದದ್ದಕ್ಕೆ ಟ್ರ್ಯಾಕ್ಟರ್ ಮಗುಚಲಿಲ್ಲ."

ವಸಂತಕ್ಕ ಬಗ್ಗಿ ಹಿಂದಿನ ಚಕ್ರಗಳನ್ನು ನೋಡಿದರು. ಆಮೇಲೆ, "ಸರಿ ಮಾಡಿ ತನ್ನಿ. ಈ ಸಲ ಮೊದಲು ನೀವೇ ಕೂತು ಎತ್ತಿ ತೋರಿಸ್ಬೇಕು" ಎಂದರು.

ತೋಳಿನಲ್ಲಿ ಒಂದಡಿ ಕತ್ತರಿಸಿದೆ. ಒಂದೇ ಅಡಿ ಹೆಚ್ಚಿಸಿದ್ದರೂ ಲಾರಿಯ ಮಧ್ಯಕ್ಕೆ ಸಾಕಾಗುತ್ತಿತ್ತು ಎಂಬುದು ಟೇಪು ಹಿಡಿದು ಅಳೆದಾಗ ತಿಳಿಯಿತು, ಮೊದಲೇ ಅಳೆಯಬಹುದಿತ್ತು. ಬಕೆಟ್ ಸಮವಾಗಿ ನಿಲ್ಲುವಂತೆ ತೋಳಿನುದ್ದಕ್ಕೂ ಒಂದು ಸರಳು ಕೊಟ್ಟೆ. ತೋಳನ್ನು ಎತ್ತುವ ಎಣ್ಣೆ ಒಮ್ಮೆಲೇ ನುಗ್ಗಿ ಜರ್ಕು ಬಾರದ ಹಾಗೆ ಉಡುಪಿಯಿಂದ ವಾಲ್ವ್ ತಂದು ಹಾಕಿದೆ. ಟ್ರ್ಯಾಕ್ಟರಿನ ಹಿಂದೆ ಭಾರಕ್ಕೆಂದು ಕಾಂಕ್ರೀಟಿನ ಗಟ್ಟಿ ಕಟ್ಟಿದೆ.

ಎರಡನೆಯ ಪರೀಕ್ಷೆಗೆ ನಾನು ಹತ್ತಿದೆ. ಸದಾನಂದಣ್ಣ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ಲಿವರ್ ಎಳೆದೆ. ತುಂಬಿದ ಬಕೆಟ್ ಮೆಲ್ಲನೆ ಏರಿ, ಒಂದು ಹಿಡಿಯೂ ಚೆಲ್ಲದೆ ಲಾರಿಯ ನಡುವಿನ ಮೇಲೆ ಹೋಗಿ ನಿಂತಿತು. ನಾನು ಹಿಂದಕ್ಕೆ ತಿರುಗಿ ನೋಡುವ ಧೈರ್ಯವಿಲ್ಲದೆ, "ಚಕ್ರ ಎದ್ದಿತಾ ಸದಾನಂದಣ್ಣ? ಎದ್ದ ಹಾಗೆ ಆಗ್ತಾ ಉಂಟು" ಎಂದೆ.

"ಚಕ್ರ ನೆಲದಲ್ಲೇ ಉಂಟು" ಎಂದರು ಅವರು. "ಸೀಟಿನಿಂದ ಎದ್ದದ್ದು ನೀವು. ಕೂತ್ಕೊಳ್ಳಿ."